ಐದು ಅಂಗಡಿ, ಒಬ್ಬಳೇ ಒಡತಿ!

ಮನೆಯಲ್ಲೇ ಕೂತು ವೆಬ್‌ಸೈಟ್ ನಡೆಸಿ ನಾಲ್ಕು ಕಾಸು ಕಮಿಷನ್ ಗಳಿಸುವ ಆಸೆಯೇ? ತುಂಬಾ ಒಳ್ಳೆಯದು. ಆದರೆ ಒಂದರ ಪಕ್ಕ ಇನ್ನೊಂದು, ಮತ್ತೊಂದು ಅಂತ ಸೈಟ್ ತೆರೆಯುವ ಮುನ್ನ ಇದನ್ನೊಮ್ಮೆ ಓದಿಬಿಡಿ.

ತಿಂಡಿ, ಡಬ್ಬಿ, ಸ್ಕೂಲ್ ವ್ಯಾನು, ಯಜಮಾನರ ಆಫೀಸು... ಎಲ್ಲ ಗಡಿಬಿಡಿ ಮುಗಿದು ಮನೆ ಸ್ತಬ್ಧವಾಗುವ ಹೊತ್ತಿಗೆ ಗಡಿಯಾರದಲ್ಲಿ ಹತ್ತೂವರೆ. ಮಧ್ಯಾಹ್ನ ಮೂರೂವರೆಗೆ ಮಕ್ಕಳು ಬರುವವರೆಗೆ ಸಿಗುವ ಆ ಹೊತ್ತು ಮಾತ್ರ ನಿಮ್ಮದು. ಅದರಲ್ಲೂ ಬಟ್ಟೆ ಒಣಹಾಕಬೇಕು, ಗ್ಯಾಸ್ ಸಿಲಿಂಡರ್‌ನವನಿಗೆ ಬಾಗಿಲು ತೆಗೆಯಬೇಕು, ಅತ್ತೆಗೆ ಮಾತ್ರೆ ಕೊಡಬೇಕು. ಉಳಿದ ಎರಡು ಗಂಟೆಯಲ್ಲಿ ಏನಾದರೂ ಮಾಡಬೇಕು, ನನ್ನದೇ ಅಂತ ಒಂದಿಷ್ಟು ದುಡ್ಡು ಬರಬೇಕು ಅಂತ ನಿಮಗೆ ಅನ್ನಿಸಿದೆಯೇ? ನನಗೂ ಅನ್ನಿಸಿತ್ತು. ಹಾಗೆ ಶುರುವಾದದ್ದೇ ನನ್ನ ವೆಬ್‌ಸೈಟ್ ಹುಚ್ಚು. ಒಂದರಲ್ಲಿ ನಿಲ್ಲಲಿಲ್ಲ ನೋಡಿ, ಒಂದೂವರೆ ವರ್ಷದಲ್ಲಿ ಐದಾಯಿತು! ಆ ಐದರಿಂದ ಕಲಿತದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ.

ಏನಿದು ಅಫಿಲಿಯೇಟ್?

ಮೈಸೂರಿನಲ್ಲಿ ಅರಮನೆ ನೋಡಿ ಹೊರಗೆ ಬಂದಾಗ ಆಟೋದವರು, 'ಒಳ್ಳೆ ರೇಷ್ಮೆ ಸೀರೆ ಅಂಗಡಿ ತೋರಿಸ್ತೀನಿ ಬನ್ನಿ ಅಕ್ಕಾ' ಅಂತಾರಲ್ಲ? ನೀವು ಸೀರೆ ಕೊಂಡರೆ ಅವರಿಗೆ ಅಂಗಡಿಯವರು ಒಂದಿಷ್ಟು ಕೊಡುತ್ತಾರೆ. ಅಫಿಲಿಯೇಟ್ ವೆಬ್‌ಸೈಟ್ ಅಂದರೂ ಹೆಚ್ಚು ಕಡಿಮೆ ಅದೇ. ನೀವು ಒಂದು ಮಿಕ್ಸಿಯ ಬಗ್ಗೆ ಬರೆಯುತ್ತೀರಿ. ಕೆಳಗೆ ಆನ್‌ಲೈನ್ ಅಂಗಡಿಯ ಲಿಂಕ್ ಕೊಡುತ್ತೀರಿ. ಆ ಲಿಂಕ್‌ನಲ್ಲಿ ನಿಮ್ಮದೇ ಒಂದು ಗುರುತಿನ ಸಂಕೇತ ಇರುತ್ತದೆ. ಓದಿದವರು ಅದನ್ನು ಒತ್ತಿ ಹೋಗಿ ಮಿಕ್ಸಿ ಕೊಂಡರೆ ನಿಮಗೆ ಕಮಿಷನ್. ಕೊಂಡವರಿಗೆ ಬೆಲೆಯೇನೂ ಹೆಚ್ಚಾಗುವುದಿಲ್ಲ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆಜಾನ್ ಕಂಪನಿ ಅಮೆರಿಕದಲ್ಲಿ 1996ರಲ್ಲೇ ಇದನ್ನು ಶುರು ಮಾಡಿತ್ತು. ನಮ್ಮ ದೇಶಕ್ಕೆ ಅದರ ಅಂಗಡಿ ಬಂದದ್ದು 2013ರಲ್ಲಿ. ಅದಕ್ಕೂ ಮುಂಚೆ, 2007ರಲ್ಲೇ, ಫ್ಲಿಪ್‌ಕಾರ್ಟ್ ನಮ್ಮ ಬೆಂಗಳೂರಿನಲ್ಲೇ ಪುಸ್ತಕ ಮಾರುತ್ತಾ ಹುಟ್ಟಿತ್ತು. 2020ರಲ್ಲಿ ಈ ಎರಡೂ ಅಂಗಡಿಗಳಲ್ಲಿ ಕನ್ನಡದಲ್ಲೇ ವ್ಯವಹರಿಸುವ ಸೌಲಭ್ಯ ಬಂತು. ಅಂದರೆ ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಕೊಳ್ಳುವವರಿಗೆ ದಾರಿ ತೆರೆಯಿತು. ಅಂಥವರಿಗೆ ಬೇಕಾದ್ದು ಏನು ಹೇಳಿ? ನಂಬಿಕೆಯಿಂದ ಸಲಹೆ ಕೊಡುವ ಒಬ್ಬ ಅಕ್ಕ ಅಥವಾ ತಂಗಿ.

ಅಮೆಜಾನ್‌ನ ಲೆಕ್ಕವನ್ನೇ ತೆಗೆದುಕೊಳ್ಳಿ. ನಿಮ್ಮ ಲಿಂಕ್ ಒತ್ತಿದವರು 24 ಗಂಟೆಯೊಳಗೆ ಏನು ಕೊಂಡರೂ ಸಾಮಾನ್ಯವಾಗಿ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಮಿಕ್ಸಿ ನೋಡಲು ಹೋದವರು ಚಪ್ಪಲಿ ಕೊಂಡರೂ ಸರಿಯೇ! ಆದರೆ ವಾಪಸ್ ಮಾಡಿದರೆ ಕಮಿಷನ್ ಇಲ್ಲ. ನೀವೇ ನಿಮ್ಮ ಲಿಂಕ್‌ನಿಂದ ಕೊಂಡರೂ ಇಲ್ಲ, ಮನೆಯವರು, ನೆಂಟರಿಂದ ಕೊಳ್ಳಿಸಿದರೂ ಇಲ್ಲ. ಹಣ ಕೈಗೆ ಬರುವುದಕ್ಕೆ ಸುಮಾರು ಎರಡು ತಿಂಗಳು ಕಾಯಬೇಕು.

ಒಂದು ಸಾಲದು ಅನ್ನಿಸಿದಾಗ...

ಮೊದಲು ಕೈಲೆಕ್ಕ ಹಾಕೋಣ. ಒಂದು ಗ್ರೈಂಡರ್ ಬೆಲೆ 4,000 ರೂಪಾಯಿ, ಕಮಿಷನ್ ಶೇ 4 ಅಂತಿಟ್ಟುಕೊಳ್ಳಿ. ಒಂದು ಮಾರಿದರೆ ನಿಮಗೆ 160 ರೂಪಾಯಿ. ತಿಂಗಳಿಗೆ 8,000 ಬೇಕು ಅಂದರೆ 50 ಗ್ರೈಂಡರ್ ಮಾರಾಟವಾಗಬೇಕು. ಲಿಂಕ್ ಒತ್ತಿದ ನೂರು ಮಂದಿಯಲ್ಲಿ ಇಬ್ಬರು ಕೊಂಡರು ಅಂದುಕೊಂಡರೂ 2,500 ಮಂದಿ ಲಿಂಕ್ ಒತ್ತಬೇಕು. ಬರೀ ಓದಿ ಹೋಗುವವರು ಈ ಲೆಕ್ಕದಲ್ಲಿಲ್ಲ!

ಈ ಲೆಕ್ಕ ನೋಡಿದವರಿಗೆ ಹೊಳೆಯುವ ಮೊದಲ ಉಪಾಯವೇ, 'ಒಂದರಲ್ಲಿ ಇಷ್ಟೇನಾ? ಹಾಗಾದರೆ ಐದು ತೆರೆದರಾಯ್ತು'. ನಾನೂ ಹಾಗೇ ಯೋಚಿಸಿದೆ. ಮೊದಲನೆಯದು ಅಡುಗೆಮನೆ ಸಾಮಾನಿನದ್ದು. ಎರಡನೆಯದು ಬಾಲ್ಕನಿ ಕೈತೋಟ. ಆಮೇಲೆ ಮಕ್ಕಳ ಆಟಿಕೆ, ಮೊಬೈಲ್ ಫೋನ್, ಕೊನೆಗೆ ವ್ಯಾಯಾಮದ ಸಲಕರಣೆ. ಬೆಳಿಗ್ಗೆ ಹತ್ತು ನಿಮಿಷ ವಾಕಿಂಗ್ ಹೋಗದವಳು ಟ್ರೆಡ್‌ಮಿಲ್ ಬಗ್ಗೆ ಬರೆಯತೊಡಗಿದೆ ಅಂದರೆ ನಗಬೇಡಿ!

ಸೈಟ್ ತೆರೆಯುವುದೇನೋ ಸುಲಭ. ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಉಚಿತ. ಡೊಮೈನ್, ಅಂದರೆ ಸೈಟಿನ ಹೆಸರು, ಮೊದಲ ವರ್ಷ ತೀರಾ ಅಗ್ಗಕ್ಕೂ ಸಿಗಬಹುದು. ಆದರೆ ಎರಡನೇ ವರ್ಷದ ನವೀಕರಣಕ್ಕೆ ಪೂರ್ತಿ ದರ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂತಾರಲ್ಲ, ಅದಕ್ಕೆ 'ಐದು ಸೈಟ್ ನವೀಕರಿಸಿ ನೋಡು' ಅಂತಲೂ ಸೇರಿಸಬಹುದು.

ವರ್ಷದ ಕೊನೆಗೆ ನೋಟ್‌ಬುಕ್ ತೆಗೆದು ಕೂತೆ. ಅಡುಗೆಮನೆ ಸೈಟಿನಿಂದ 9,200, ಕೈತೋಟದಿಂದ 3,900, ಉಳಿದ ಮೂರೂ ಸೇರಿ 640 ರೂಪಾಯಿ. ಒಟ್ಟು 13,740. ಖರ್ಚು? ಐದು ಡೊಮೈನ್‌ಗೆ 4,500, ಹೋಸ್ಟಿಂಗ್, ಅಂದರೆ ಸೈಟ್ ಇಡುವ ಜಾಗದ ಬಾಡಿಗೆ, 5,500. ಎಲ್ಲ ಕಳೆದು ಉಳಿದದ್ದು 3,740 ರೂಪಾಯಿ. ದಿನಕ್ಕೆ ಹತ್ತು ರೂಪಾಯಿ! ರಾತ್ರಿ ಹನ್ನೆರಡರವರೆಗೆ ಕಣ್ಣುಜ್ಜಿಕೊಂಡು ಕೂತದ್ದಕ್ಕೆ, 'ಅಮ್ಮಾ ಇನ್ನೂ ಎಷ್ಟು ಹೊತ್ತು' ಅಂದ ಮಗಳಿಗೆ 'ಹೋಗೇ ಆಚೆ' ಅಂತ ರೇಗಿದ್ದಕ್ಕೆ ಸಿಕ್ಕ ಕೂಲಿ ಅದು.

ಹುಬ್ಬಳ್ಳಿ ಕಡೆಯಿಂದ ಒಂದು ಪ್ರಶ್ನೆ

ದುಡ್ಡಿನ ನಷ್ಟ ಹಾಗಿರಲಿ. ನಿಜವಾದ ಪೆಟ್ಟು ಬಿದ್ದದ್ದು ಒಂದು ಇ-ಮೇಲ್‌ನಿಂದ.

ಐದು ಸೈಟಿಗೆ ವಾರವಾರ ಬರೆಯಬೇಕಲ್ಲ? ಒಂದೊಂದು ವಸ್ತುವನ್ನೂ ಬಳಸಿ ನೋಡುವ ಪುರುಸೊತ್ತೆಲ್ಲಿ? ಕಂಪನಿಯವರು ಡಬ್ಬದ ಮೇಲೆ ಬರೆದದ್ದನ್ನೇ ನನ್ನ ಮಾತಿನಲ್ಲಿ ತಿರುಗಿಸಿ ಬರೆಯುತ್ತಿದ್ದೆ. ಹಾಗೆ ಒಂದು ಟೇಬಲ್‌ಟಾಪ್ ಗ್ರೈಂಡರ್ ಬಗ್ಗೆ, 'ಹಿಟ್ಟು ಮಲ್ಲಿಗೆಯಷ್ಟು ಹಗುರ, ಸದ್ದೇ ಇಲ್ಲ, ಚಿಕ್ಕ ಸಂಸಾರಕ್ಕೆ ಹೇಳಿ ಮಾಡಿಸಿದ್ದು' ಅಂತ ಹೊಗಳಿ ಬರೆದಿದ್ದೆ. ಅದನ್ನು ನಾನು ಕಣ್ಣಲ್ಲೂ ಕಂಡಿರಲಿಲ್ಲ.

ಹುಬ್ಬಳ್ಳಿ ಕಡೆಯ ಗೃಹಿಣಿಯೊಬ್ಬರು ಅದನ್ನು ಓದಿ ಕೊಂಡಿದ್ದರು. ಬ್ಲೌಸ್ ಹೊಲಿದು ಕೂಡಿಸಿಟ್ಟ ಮೂರೂವರೆ ಸಾವಿರ ಅದು. ಮೂರನೇ ವಾರಕ್ಕೆ ಬೆಲ್ಟ್ ಕಡಿಯಿತು. ಹಿಂತಿರುಗಿಸುವ ಅವಧಿ ಮುಗಿದಿತ್ತು, ಹತ್ತಿರದಲ್ಲೆಲ್ಲೂ ಸರ್ವಿಸ್ ಸೆಂಟರ್ ಇರಲಿಲ್ಲ. ಅವರು ನನ್ನನ್ನು ಬೈದಿರಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ್ದರು: 'ಮೇಡಂ, ನೀವು ಇದ್ರಾಗ ಎಷ್ಟು ದಿನ ಹಿಟ್ಟು ರುಬ್ಬೀರಿ?'

ಆ ಸಾಲು ಓದಿ ನನಗೆ ಮುಖ ಎತ್ತಲಾಗಲಿಲ್ಲ. ಆ ಮಾರಾಟದಿಂದ ನನಗೆ ಬಂದ ಕಮಿಷನ್ 140 ರೂಪಾಯಿ. 'ನಾನು ಅದನ್ನು ಬಳಸಿಯೇ ಇಲ್ಲ, ತಪ್ಪಾಯ್ತು' ಅಂತ ಉತ್ತರ ಬರೆದೆ, ಆ ಬರಹವನ್ನು ತೆಗೆದುಹಾಕಿದೆ. ಆದರೆ ಅವರ ದುಡ್ಡು ವಾಪಸ್ ಬಂತೇ? ಇಲ್ಲ. ಆಟೋದವರು ತೋರಿಸಿದ ಅಂಗಡಿಯ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟರೆ ನೀವು ಯಾರನ್ನು ನೆನೆಸಿಕೊಳ್ಳುತ್ತೀರಿ ಹೇಳಿ!

ಆವತ್ತು ಅರ್ಥವಾಯಿತು. ನಾನು ಕೆಟ್ಟವಳಾಗಿ ಸುಳ್ಳು ಬರೆದವಳಲ್ಲ. ಸೈಟ್‌ಗಳ ಸಂಖ್ಯೆ ಹೆಚ್ಚಾಗಿ, ನಿಜ ಹೇಳುವಷ್ಟು ಸಮಯ ನನ್ನ ಬಳಿ ಉಳಿದಿರಲಿಲ್ಲ. ಒಬ್ಬಳೇ ನಡೆಸುವ ಈ ಉದ್ಯಮದಲ್ಲಿ ಬಂಡವಾಳ ಅಂದರೆ ಡೊಮೈನೂ ಅಲ್ಲ, ಹೋಸ್ಟಿಂಗೂ ಅಲ್ಲ. 'ಈಕೆ ಹೇಳಿದರೆ ಸರಿ ಇರುತ್ತೆ' ಅನ್ನುವ ನಂಬಿಕೆ. ಅದನ್ನು ಐದು ಪಾಲು ಮಾಡಿದರೆ ಯಾವುದಕ್ಕೂ ಸಾಲುವುದಿಲ್ಲ.

ಐದರಿಂದ ಎರಡಕ್ಕೆ

ಮೂರು ಸೈಟ್ ಮುಚ್ಚಿದೆ. ಮುಚ್ಚುವಾಗ ಸಂಕಟ ಆಗಲಿಲ್ಲವೇ? ಆಯ್ತು. ರಾತ್ರಿಯೆಲ್ಲ ಕೂತು ಬರೆದದ್ದಲ್ಲವೇ! ಆದರೆ ಒಲೆಗಳು ಐದಿದ್ದರೂ ತಿರುವುವ ಕೈ ಒಂದೇ ಆದರೆ ಎಲ್ಲವೂ ಸೀದು ಹೋಗುತ್ತದೆ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ನಿಮಗೂ ಈ ಪ್ರಶ್ನೆ ಬಂದರೆ ಮೂರು ಮಾತು ಕೇಳಿಕೊಳ್ಳಿ. ಇದು ನಾನು ದಿನಾ ಮುಟ್ಟುವ ವಸ್ತುವೇ? ವರ್ಷಕ್ಕೊಮ್ಮೆಯಾದರೂ ತನ್ನ ಖರ್ಚನ್ನು ತಾನೇ ದುಡಿಯುತ್ತದೆಯೇ? ಪಕ್ಕದ ಮನೆಯವರು ಬಂದು ಈ ವಿಷಯ ಕೇಳಿದರೆ ಕಾಗದ ನೋಡದೆ ಹತ್ತು ನಿಮಿಷ ಮಾತಾಡಬಲ್ಲೆನೇ? ಮೂರಕ್ಕೂ 'ಹೌದು' ಅಂತ ಬಂದರೆ ಇಟ್ಟುಕೊಳ್ಳಿ. ಎರಡಕ್ಕೆ 'ಇಲ್ಲ' ಬಂದರೆ ಕೈಬಿಡಿ.

ಹಾಗಂತ ಒಂದಕ್ಕಿಂತ ಹೆಚ್ಚು ಸೈಟ್ ಬೇಡವೇ ಬೇಡ ಅನ್ನುತ್ತಿಲ್ಲ. ಒಂದು ಹಸು ಬತ್ತಿದಾಗ ಇನ್ನೊಂದು ಕರೆಯಲಿ ಅನ್ನುವುದು ಜಾಣತನವೇ. ನನ್ನ ಕೈತೋಟದ ಸೈಟ್ ಮುಂಗಾರು ಹಿಡಿಯುವ ಜೂನ್-ಜುಲೈನಲ್ಲಿ ಚುರುಕು. ಕುಂಡ, ಬೀಜ, ತೆಂಗಿನ ನಾರಿನ ಪುಡಿ ಆಗ ಹೋಗುತ್ತವೆ. ಅಡುಗೆಮನೆಯದು ದಸರಾ-ದೀಪಾವಳಿ ರಿಯಾಯಿತಿ ಮಾರಾಟದ ಹೊತ್ತಿಗೆ. ಎರಡೂ ಒಂದಕ್ಕೊಂದು ಆಸರೆ. ಆದರೆ ಎರಡನೆಯದನ್ನು ತೆರೆಯುವ ಮುಂಚೆ ಮೊದಲನೆಯದಕ್ಕೆ ಕನಿಷ್ಠ ಒಂದು ವರ್ಷ ಕೊಡಿ. ಅದು ತನ್ನ ಕಾಲ ಮೇಲೆ ನಿಂತ ಮೇಲೆ ಇನ್ನೊಂದರ ಯೋಚನೆ.

ವಾರಕ್ಕೊಂದು ವೇಳಾಪಟ್ಟಿ

ಎರಡೇ ಸೈಟ್ ಆದರೂ ಮನಸ್ಸು ಬಂದಾಗ ಮಾಡಿದರೆ ಕೆಲಸ ಸಾಗುವುದಿಲ್ಲ. ನಾನು ಇಟ್ಟುಕೊಂಡಿರುವ ಕ್ರಮ ಇದು. ನಿಮ್ಮ ಮನೆಗೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ಸೋಮವಾರ, ಮಂಗಳವಾರ ಅಡುಗೆಮನೆ ಸೈಟ್. ಬುಧವಾರ ಕೈತೋಟ. ಒಂದು ದಿನ ಒಂದೇ ಸೈಟ್, ಇನ್ನೊಂದನ್ನು ತೆರೆದೂ ನೋಡುವುದಿಲ್ಲ. ಗುರುವಾರ ದುರಸ್ತಿಯ ದಿನ. ಲಿಂಕ್‌ಗಳನ್ನು ಒತ್ತಿ ನೋಡುತ್ತೇನೆ. 'ಸ್ಟಾಕ್ ಇಲ್ಲ' ಅಂತ ಬಂದರೆ ಬೇರೆ ಕೊಡುತ್ತೇನೆ. ಸತ್ತ ಲಿಂಕ್ ಅಂದರೆ ಗಿರಾಕಿಯನ್ನು ಮುಚ್ಚಿದ ಅಂಗಡಿಯ ಬಾಗಿಲಿಗೆ ಕಳಿಸಿದ ಹಾಗೆ. ಅದೇ ದಿನ ವರ್ಡ್‌ಪ್ರೆಸ್ಸಿನ ಅಪ್‌ಡೇಟ್ ಹಾಕಿ, ಎರಡೂ ಸೈಟಿನ ಬ್ಯಾಕಪ್ ತೆಗೆದು ಬೇರೆ ಕಡೆ ಇಡುತ್ತೇನೆ. ಎಲ್ಲ ಸೈಟನ್ನೂ ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಇಟ್ಟವರು ಇದನ್ನು ತಪ್ಪಿಸಲೇಬಾರದು. ಒಂದಕ್ಕೆ ವೈರಸ್ ಹೊಕ್ಕರೆ ಉಳಿದವಕ್ಕೂ ಹರಡಬಹುದು, ಮನೆಯಲ್ಲಿ ಒಬ್ಬರಿಗೆ ನೆಗಡಿ ಬಂದ ಹಾಗೆ. ಶುಕ್ರವಾರ ಲೆಕ್ಕ. ಶನಿವಾರ, ಭಾನುವಾರ ಲ್ಯಾಪ್‌ಟಾಪ್ ಮುಚ್ಚಿಡುವುದು!

ಲೆಕ್ಕದ ದಿನ ಏನು ನೋಡಬೇಕು? ಎಷ್ಟು ಜನ ಬಂದರು, ಯಾವ ಪದ ಹುಡುಕಿ ಬಂದರು ಅನ್ನುವುದನ್ನು ತಿಳಿಸಲು ಗೂಗಲ್‌ನವರ ಅನಲಿಟಿಕ್ಸ್, ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನಗಳಿವೆ. ಯಾವ ಸೈಟಿನಿಂದ ಎಷ್ಟು ಮಾರಾಟವಾಯಿತು ಅಂತ ತಿಳಿಯಲು ಪ್ರತಿ ಸೈಟಿಗೂ ಬೇರೆ ಬೇರೆ ಗುರುತಿನ ಸಂಕೇತ ಮಾಡಿಕೊಳ್ಳಿ. ಅಮೆಜಾನ್‌ನಲ್ಲಿ ಒಂದೇ ಖಾತೆಯೊಳಗೆ ಹೀಗೆ ಹಲವು ಸಂಕೇತ ಪಡೆಯಬಹುದು. ಆದರೆ ನಿಮ್ಮ ಎಲ್ಲ ಸೈಟ್‌ಗಳ ಹೆಸರನ್ನೂ ಖಾತೆಯಲ್ಲಿ ನಮೂದಿಸಿರಬೇಕು. ನಾನು ಮೊದಲ ವರ್ಷ ಎಲ್ಲಕ್ಕೂ ಒಂದೇ ಸಂಕೇತ ಹಾಕಿ, ಯಾವುದು ದುಡಿಯುತ್ತಿದೆ ಅಂತ ಗೊತ್ತಾಗದೆ ಆರು ತಿಂಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದಿದ್ದೆ.

ಇನ್ನೊಂದು ಮಾತು. ದಸರಾ-ದೀಪಾವಳಿಯ ತಿಂಗಳು ಬಂದ ಹಣವನ್ನು ನೋಡಿ ಹಿಗ್ಗಿ, 'ಇನ್ನು ಪ್ರತಿ ತಿಂಗಳೂ ಇಷ್ಟು' ಅಂತ ಚೀಟಿ ಹಾಕಿಬಿಡಬೇಡಿ. ಹನ್ನೆರಡು ತಿಂಗಳ ಸರಾಸರಿ ನೋಡಿ.

ಒಂದು ನೋಟ್‌ಬುಕ್ ಇರಲಿ

ಹಾಲಿನ ಲೆಕ್ಕಕ್ಕೆ, ಚೀಟಿ ಲೆಕ್ಕಕ್ಕೆ ನೋಟ್‌ಬುಕ್ ಇಡುತ್ತೇವಲ್ಲ, ಸೈಟಿಗೂ ಒಂದಿರಲಿ. ಪ್ರತಿ ಸೈಟಿಗೆ ಒಂದು ಪುಟ. ಡೊಮೈನ್ ಎಲ್ಲಿ ಕೊಂಡದ್ದು, ನವೀಕರಣ ಯಾವ ತಾರೀಕು, ಹೋಸ್ಟಿಂಗ್ ಎಲ್ಲಿ, ಯಾವ ಇ-ಮೇಲ್ ಕೊಟ್ಟಿದ್ದು, ಗುರುತಿನ ಸಂಕೇತ ಯಾವುದು, ಎಲ್ಲ ಬರೆದಿಡಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ. ಅದಕ್ಕೆಂದೇ ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶಗಳಿವೆ. ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಇರಲಿ, ಮೊಬೈಲ್‌ಗೆ ಸಂಕೇತ ಬಂದ ಮೇಲೇ ಬಾಗಿಲು ತೆರೆಯುವ ವ್ಯವಸ್ಥೆ ಮಾಡಿಕೊಳ್ಳಿ.

ನವೀಕರಣದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೈದು ದಿನ ಮುಂಚೆಯೇ ಗುರುತು ಹಾಕಿ. ನನ್ನ ಆಟಿಕೆ ಸೈಟಿನ ನೆನಪೋಲೆಗಳೆಲ್ಲ ನಾನು ಬಳಸದ ಹಳೇ ಇ-ಮೇಲಿಗೆ ಹೋಗುತ್ತಿದ್ದವು. ಗೌರಿ ಹಬ್ಬದ ಗಡಿಬಿಡಿಯಲ್ಲಿ ಗೊತ್ತೇ ಆಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಸೈಟೇ ಇಲ್ಲ! ಹಬ್ಬದ ಬಾಗಿನ ಕೊಡುವ ಹೊತ್ತಿನಲ್ಲಿ ಫೋನ್ ಹಿಡಿದು ಕಸ್ಟಮರ್ ಕೇರ್‌ನವರ ಜೊತೆ ಅಂಗಲಾಚುವ ಪಾಡು ನಿಮಗೆ ಬೇಡ.

ಬೇರೆಯವರ ಜಗುಲಿ

ಈ ಉದ್ಯೋಗದಲ್ಲಿ ನಾವು ಅಂಗಡಿ ಇಟ್ಟಿರುವುದು ಬೇರೆಯವರ ಜಗುಲಿ ಮೇಲೆ. ಮನೆ ಯಜಮಾನ ಯಾವಾಗ ಬೇಕಾದರೂ ಬಾಡಿಗೆ ಏರಿಸಬಹುದು, ಇಲ್ಲವೇ 'ಜಾಗ ಖಾಲಿ ಮಾಡು' ಅನ್ನಬಹುದು. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ ಅನ್ನು ಶೇ 8ರಿಂದ 3ಕ್ಕೆ, ದಿನಸಿಯದನ್ನು ಶೇ 5ರಿಂದ 1ಕ್ಕೆ ಇಳಿಸಿಬಿಟ್ಟಿತು. ಇದೊಂದನ್ನೇ ನೆಚ್ಚಿದ್ದವರ ಗತಿ ಏನಾಗಿರಬೇಡ! ಆದ್ದರಿಂದ ಸೈಟ್‌ಗಳ ಸಂಖ್ಯೆ ಹೆಚ್ಚಿಸುವ ಬದಲು, ಇರುವ ಸೈಟಿನಲ್ಲೇ ಎರಡು ಮೂರು ಅಂಗಡಿಗಳ ಲಿಂಕ್ ಇಟ್ಟುಕೊಳ್ಳುವುದು ಕ್ಷೇಮ. ಓದುಗರಿಗೂ ಬೆಲೆ ಹೋಲಿಸಿ ನೋಡಲು ಅನುಕೂಲ.

ಗೂಗಲ್ ಕಥೆಯೂ ಅಷ್ಟೇ. ಹುಡುಕಿದವರನ್ನು ನಮ್ಮ ಬಾಗಿಲಿಗೆ ಕಳಿಸುವುದು ಅದೇ. 2022ರ ಡಿಸೆಂಬರ್‌ನಲ್ಲಿ ಗೂಗಲ್ ಗುಣಮಟ್ಟ ಅಳೆಯುವ ತನ್ನ ಮಾರ್ಗಸೂಚಿಗೆ 'ಅನುಭವ' ಅನ್ನುವುದನ್ನು ಸೇರಿಸಿತು. ಬರೆದವರು ಆ ವಸ್ತುವನ್ನು ನಿಜಕ್ಕೂ ಬಳಸಿದ್ದಾರೆಯೇ ಅನ್ನುವ ಪ್ರಶ್ನೆ ಅದು. 2024ರ ಮಾರ್ಚ್‌ನಲ್ಲಿ, ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿಯಾಗಿ ತಯಾರಿಸುವ ಉಪಯೋಗಕ್ಕೆ ಬಾರದ ಬರಹಗಳನ್ನು, ಯಂತ್ರ ಬರೆದದ್ದಿರಲಿ ಮನುಷ್ಯರು ಬರೆದದ್ದಿರಲಿ, ಕೆಳಗೆ ತಳ್ಳುವ ನಿಯಮ ತಂದಿತು. ಈಗ ಎಐ ಹತ್ತಿರ ಒಂದು ರಾತ್ರಿಯಲ್ಲಿ ನೂರು ಲೇಖನ ಬರೆಸಬಹುದು, ನಿಜ. ಆದರೆ ಎಐ ಎಂದಾದರೂ ಉದ್ದು ನೆನೆಹಾಕಿದೆಯೇ? ಹುಬ್ಬಳ್ಳಿ ಕಡೆಯ ಆ ಅಕ್ಕ ಕೇಳಿದ್ದನ್ನೇ ಅಷ್ಟು ದೊಡ್ಡ ಕಂಪನಿಯೂ ಕೇಳುತ್ತಿದೆ ನೋಡಿ!

ಹಾಗಾದರೆ ಹೇಗೆ ಬರೆಯಬೇಕು? ಎಲ್ಲವನ್ನೂ ದುಡ್ಡು ಕೊಟ್ಟು ಕೊಳ್ಳಲಾಗದು, ಸರಿ. ನಮ್ಮ ಅಪಾರ್ಟ್‌ಮೆಂಟಿನ ಆರು ಮನೆಗಳ ಅಡುಗೆಮನೆಯೇ ಈಗ ನನ್ನ ಪ್ರಯೋಗಶಾಲೆ. ಒಬ್ಬರ ಗ್ರೈಂಡರ್‌ನಲ್ಲಿ ಎರಡು ಲೋಟ ಉದ್ದು ರುಬ್ಬಿ ಎಷ್ಟು ನಿಮಿಷ ಆಯ್ತು ಅಂತ ನೋಡುತ್ತೇನೆ. ತುಂಬಿದ ಪಾತ್ರೆ ಒಬ್ಬಳೇ ಎತ್ತಬಹುದೇ, ಕಲ್ಲಿನ ಸಂದಿಯಲ್ಲಿ ಹಿಟ್ಟು ಉಳಿಯುತ್ತದೆಯೇ, ಮಗು ಮಲಗಿದ್ದರೆ ಸದ್ದಿಗೆ ಏಳುತ್ತದೆಯೇ, ಸರ್ವಿಸ್ ಸೆಂಟರ್ ಯಾವ ಯಾವ ಊರಲ್ಲಿದೆ... ಇದನ್ನೆಲ್ಲ ಬರೆಯುತ್ತೇನೆ. ಫೋಟೊ ನಾನೇ ತೆಗೆಯುತ್ತೇನೆ, ಹಿಂದೆ ಒಗ್ಗರಣೆ ಡಬ್ಬಿ ಕಂಡರೂ ಪರವಾಗಿಲ್ಲ. ಬಳಸದೇ ಇದ್ದದ್ದಕ್ಕೆ 'ಇದನ್ನು ನಾನು ಬಳಸಿಲ್ಲ' ಅಂತ ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಚೆನ್ನಾಗಿಲ್ಲದಿದ್ದರೆ 'ಕೊಳ್ಳಬೇಡಿ' ಅನ್ನುತ್ತೇನೆ. ಬೆಲೆಯನ್ನು ಮಾತ್ರ ಬರೆಯಲು ಹೋಗುವುದಿಲ್ಲ. ಇವತ್ತಿನ ಬೆಲೆ ನಾಳೆಗಿಲ್ಲ, ಅಂಗಡಿಯವರ ನಿಯಮವೂ ಅದಕ್ಕೆ ಒಪ್ಪುವುದಿಲ್ಲ.

ಒಂದು ನಕ್ಷತ್ರ ಚಿಹ್ನೆ

ಕಮಿಷನ್ ಬರುತ್ತದೆ ಅಂತ ಓದುಗರಿಗೆ ಹೇಳಿದರೆ ಓಡಿಹೋಗುತ್ತಾರೆ ಅಂತ ಭಯವೇ? ಬ್ರಿಟನ್ನಿನ ಪತ್ರಕರ್ತ ಮಾರ್ಟಿನ್ ಲೂಯಿಸ್ 2003ರಲ್ಲಿ ಸುಮಾರು ನೂರು ಪೌಂಡ್ ಖರ್ಚಿನಲ್ಲಿ 'ಮನಿ ಸೇವಿಂಗ್ ಎಕ್ಸ್‌ಪರ್ಟ್' ಅನ್ನುವ ಒಂದೇ ಒಂದು ಸೈಟ್ ತೆರೆದರು. ಜನರಿಗೆ ದುಡ್ಡು ಉಳಿಸುವ ದಾರಿ ಹೇಳುವುದು ಅದರ ಕೆಲಸ. ಹಣ ಬರುವ ಲಿಂಕ್‌ನ ಪಕ್ಕ ಒಂದು ನಕ್ಷತ್ರ ಚಿಹ್ನೆ ಹಾಕಿ, ಹಣ ಬಾರದ ಲಿಂಕನ್ನೂ ಜೊತೆಗೇ ಕೊಡುವ ಪದ್ಧತಿ ಇಟ್ಟುಕೊಂಡರು. ಜನ ಓಡಿಹೋಗಲಿಲ್ಲ, ಇನ್ನೂ ಹೆಚ್ಚು ನಂಬಿದರು. 2012ರಲ್ಲಿ ಆ ಸೈಟ್ 8 ಕೋಟಿ 70 ಲಕ್ಷ ಪೌಂಡ್‌ವರೆಗಿನ ಒಪ್ಪಂದಕ್ಕೆ ಮಾರಾಟವಾಯಿತು. ನಮಗೆ ಕೋಟಿ ಬೇಡ ಬಿಡಿ, ಆ ನಕ್ಷತ್ರ ಚಿಹ್ನೆಯ ಪಾಠ ಸಾಕು.

ಇದು ಬರೀ ಒಳ್ಳೆಯತನದ ಮಾತಲ್ಲ, ನಮ್ಮಲ್ಲಿ ಕಾನೂನೂ ಹೌದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಹಣ ಅಥವಾ ಲಾಭ ಪಡೆದು ಶಿಫಾರಸು ಮಾಡುವವರು ಆ ಸಂಬಂಧವನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಲು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ. ನಾನಂತೂ ಪ್ರತಿ ಬರಹದ ತಲೆಯಲ್ಲೇ, 'ಇಲ್ಲಿನ ಲಿಂಕ್‌ನಿಂದ ಕೊಂಡರೆ ನನಗೆ ಸ್ವಲ್ಪ ಕಮಿಷನ್ ಬರುತ್ತದೆ' ಅಂತ ಅಚ್ಚಗನ್ನಡದಲ್ಲಿ ಹಾಕುತ್ತೇನೆ.

ದುಡ್ಡು ನಿಮ್ಮದು, ಖಾತೆಯೂ ನಿಮ್ಮದಿರಲಿ

'ಬಂದರೆ ಐನೂರು ಸಾವಿರ, ಅವರ ಖಾತೆಗೇ ಹೋಗಲಿ ಬಿಡು' ಅನ್ನುವವರುಂಟು. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಹೆಸರಿನ ಪ್ಯಾನ್, ನಿಮ್ಮ ಹೆಸರಿನ ಬ್ಯಾಂಕ್ ಖಾತೆಯನ್ನೇ ಕೊಡಿ. ಹೆಸರು ಹೊಂದದಿದ್ದರೆ ಹಣ ತಡೆಹಿಡಿಯುವ ಸಾಧ್ಯತೆಯೂ ಇರುತ್ತದೆ. ಕಮಿಷನ್‌ನಿಂದ ಮೂಲದಲ್ಲೇ ತೆರಿಗೆ ಕಡಿತ, ಅಂದರೆ ಟಿಡಿಎಸ್, ಆಗಬಹುದು. ಈ ದರ 2024ರ ಅಕ್ಟೋಬರ್‌ನಿಂದ ಶೇ 5ರಿಂದ 2ಕ್ಕೆ ಇಳಿಯಿತು. ಪ್ಯಾನ್ ಕೊಡದಿದ್ದರೆ ಶೇ 20 ಕಡಿತ! ಕಡಿತವಾದದ್ದು ನಿಮ್ಮ ಪ್ಯಾನ್‌ಗೆ ಜಮೆಯಾಗಿರುತ್ತದೆ. ನಿಮ್ಮ ವರಮಾನಕ್ಕೆ ತೆರಿಗೆ ಇಲ್ಲದಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು. ಚಿಕ್ಕ ಮೊತ್ತ ಅಂತ ಬಿಡಬೇಡಿ.

ಇವು ನೆನಪಿರಲಿ

* ಸೇರಲು ಶುಲ್ಕ ಕೇಳಿದರೆ ಎಚ್ಚರ. ದೊಡ್ಡ ಅಂಗಡಿಗಳ ಅಫಿಲಿಯೇಟ್ ಯೋಜನೆಗೆ ಸೇರಲು ಹಣ ಕಟ್ಟಬೇಕಾಗಿಲ್ಲ. 'ಲೈಕ್ ಒತ್ತಿ, ದಿನಕ್ಕೆ ಸಾವಿರ ಗಳಿಸಿ' ಅಂತ ಮೊಬೈಲಿಗೆ ಬರುವ ಸಂದೇಶಗಳು ಅಫಿಲಿಯೇಟ್ ಅಲ್ಲ, ಬಲೆ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.
* ಚಿನ್ನ ಅಡವಿಟ್ಟು, ಸಾಲ ಮಾಡಿ 'ಕೋರ್ಸ್' ಕೊಳ್ಳಬೇಡಿ. ಒಂದು ಡೊಮೈನ್, ಅಗ್ಗದ ಒಂದು ಹೋಸ್ಟಿಂಗ್ ಶುರುವಿಗೆ ಧಾರಾಳ ಸಾಕು.
* ಮೊದಲ ಆರು ತಿಂಗಳು ಬಿಡಿಗಾಸೂ ಬಾರದೆ ಇರಬಹುದು. ಆದರೆ ಅಮೆಜಾನ್‌ನಂಥ ಕಡೆ ಮೊದಲ 180 ದಿನದಲ್ಲಿ ಮೂರು ಮಾರಾಟವಾದರೂ ಆಗಬೇಕು. ಇಲ್ಲದಿದ್ದರೆ ಖಾತೆ ಮುಚ್ಚುತ್ತಾರೆ. ಹಾಗಾಗಿ ಹತ್ತಿಪ್ಪತ್ತು ಒಳ್ಳೆಯ ಬರಹ ಸಿದ್ಧವಾದ ಮೇಲೇ ಅರ್ಜಿ ಹಾಕಿ.
* ಬೇರೆಯವರ ಬರಹ, ಫೋಟೊ ಕದಿಯಬೇಡಿ.
* ಮನೆಯವರಲ್ಲಿ ಒಬ್ಬರಿಗಾದರೂ ನಿಮ್ಮ ನೋಟ್‌ಬುಕ್ ಎಲ್ಲಿದೆ ಅಂತ ಗೊತ್ತಿರಲಿ. ನಿಮಗೆ ಹುಷಾರಿಲ್ಲದಾಗ ನವೀಕರಣ ತಪ್ಪಬಾರದು.

ಎರಡೇ ಸೈಟ್ ಉಳಿಸಿಕೊಂಡ ಮರುವರ್ಷ ನನಗೆ ಬಂದದ್ದು 28,400 ರೂಪಾಯಿ. ಖರ್ಚು ಕಳೆದು 21,100. ಇದರಿಂದ ಬಂಗಲೆ ಕಟ್ಟಲಾಗುವುದಿಲ್ಲ, ಒಪ್ಪಿದೆ. ಆದರೆ ಮಗಳ ಸ್ಕೂಲ್ ವ್ಯಾನಿನ ಫೀಸು ನನ್ನ ಖಾತೆಯಿಂದ ಹೋಯಿತು. ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಅವಳ ಪಕ್ಕ ಮಲಗಲು ಸಾಧ್ಯವಾಯಿತು. ಮೊನ್ನೆ ಹುಬ್ಬಳ್ಳಿ ಕಡೆಯ ಅದೇ ಅಕ್ಕನಿಂದ ಮತ್ತೊಂದು ಇ-ಮೇಲ್ ಬಂದಿತ್ತು. ತಂಗಿಯ ಮದುವೆಗೆ ಮಿಕ್ಸಿ ಕೊಡಬೇಕಂತೆ, 'ನೀವು ಬಳಸಿದ್ದು ಯಾವುದು ಹೇಳ್ರಿ' ಅಂತ ಕೇಳಿದ್ದರು. ಅಷ್ಟು ಸಂತೋಷ ನನಗೆ ಯಾವ ಕಮಿಷನ್‌ನಿಂದಲೂ ಆಗಿರಲಿಲ್ಲ.

ನಾಳೆ ಹತ್ತೂವರೆಗೆ ಮನೆ ಸ್ತಬ್ಧವಾದಾಗ ನೀವೂ ಒಂದು ನೋಟ್‌ಬುಕ್ ಹಿಡಿದು ಕೂರಿ. ನೀವು ದಿನಾ ಮುಟ್ಟುವ, ಕಾಗದ ನೋಡದೆ ಮಾತಾಡಬಲ್ಲ ಒಂದು ವಿಷಯ ಯಾವುದು ಅಂತ ಬರೆಯಿರಿ. ಒಂದೇ ಒಂದು. ಅಷ್ಟು ಸಾಕು, ಅಂಗಡಿಯ ಬಾಗಿಲು ತೆರೆದ ಹಾಗೇ!